ಬೀಗರ ಮುಂದೆ ಹೆಲಿಕಾಪ್ಟರ್ ಏರಿದ್ದು

ಹಾರುವ ಹೆಲಿಕಾಪ್ಟರ್‌ನಿಂದ ಮನುಷ್ಯರನ್ನು ಇಳಿಸುವುದು, ಎತ್ತಿಕೊಳ್ಳುವುದು ನೌಕಾಪಡೆಯಲ್ಲಿ ನನ್ನ ವೃತ್ತಿಯಾಗಿತ್ತು. ಸೈನಿಕರು ಹಗ್ಗ ಹಿಡಿದು ಹಡಗಿನ ಮೇಲೆ ಸರ್ರನೆ ಜಾರಿ ಇಳಿಯುವುದನ್ನೂ, ಮುಳುಗುವವರನ್ನು ತಂತಿಯಿಂದ ಮೇಲೆಳೆಯುವುದನ್ನೂ ಹುಡುಗರಿಗೆ ಕಲಿಸಿ ನಿವೃತ್ತನಾದೆ. ಈ ವಿಷಯದಲ್ಲಿ ನನ್ನಿಂದ ತಪ್ಪಾಗುವುದು ಸಾಧ್ಯವೇ ಇರಲಿಲ್ಲ.

ನಮ್ಮ ಮನೆಗೆ ಹತ್ತಿರದ ಬಾಯ್ನಾ ಕಡಲತೀರದಲ್ಲಿ ಸಾರ್ವಜನಿಕರಿಗಾಗಿ ರಕ್ಷಣಾ ಪ್ರದರ್ಶನ ಏರ್ಪಾಡಾಯಿತು. ಅದೇ ದಿನ ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ಮಗನಿಗೆ ನನ್ನ ಮಗಳು ಸುಧಾಳ ಸಂಬಂಧ ಮಾತನಾಡಲು ಬರುವವರಿದ್ದರು. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು. ಹುಡುಗನ ತಂದೆ ಮಾತ್ರ, "ಮನಿತನ ನೋಡಿ ಹೇಳ್ತೀನ್ರಿ" ಎಂದಿದ್ದರು. ಮನೆತನವನ್ನು ಸಮುದ್ರದ ಮೇಲೆ ತೋರಿಸುವುದೆಂದು ನಾನು ನಿರ್ಧರಿಸಿದೆ. ಪ್ರದರ್ಶನದ ಉಸ್ತುವಾರಿ ನನ್ನ ಹಳೆಯ ಶಿಷ್ಯನದು. ಮುಳುಗುವವನ ಪಾತ್ರವನ್ನು ಕೇಳಿ ಪಡೆದೆ!

"ಉಪ್ಪಿಟ್ಟು, ಚಾ ಕೊಟ್ಟರ ಮನಿತನ ತಿಳೀತೈತಿ. ಅದಕ್ಕ ಮುಳುಗಬೇಕೇನ್ರಿ?" ಎಂದಳು ಹೆಂಡತಿ ಗಿರಿಜಾ.

"ಅಪ್ಪಾ, ಇವತ್ತೊಂದಿನ ಸುಮ್ಮನ ಕುಂದ್ರಪಾ," ಎಂದಳು ಸುಧಾ.

ತಿಳಿಯದವರ ಮಾತು. ತಂತ್ರ ಬಹಳ ಸರಳ. ತಂತಿಯ ತುದಿಯ ಕೊಕ್ಕೆ ಮೊದಲು ನೀರಿಗೆ ತಾಗಬೇಕು. ಇಲ್ಲದಿದ್ದರೆ ಹಾರಾಟದಲ್ಲಿ ಅದಕ್ಕೆ ಸೇರಿದ ವಿದ್ಯುತ್ತು ಮುಟ್ಟಿದವನನ್ನು ಒದೆಯುತ್ತದೆ. ಆಮೇಲೆ ಕೊಕ್ಕೆಗೆ ಸಿಕ್ಕಿಸಿದ ಪಟ್ಟಿಯನ್ನು ತಲೆಯ ಮೇಲಿಂದ ಕಂಕುಳಿಗೆ ಇಳಿಸಿಕೊಂಡು, ಎರಡೂ ಕೈಗಳನ್ನು ಮೈಗೆ ಒತ್ತಿಕೊಂಡಿರಬೇಕು. ಕೈ ಎತ್ತಿದರೆ ಜಾರಿ ಬೀಳುವುದು ಖಂಡಿತ. "ಮೂಟೆಯಂತಿರಿ, ಮೂಟೆಗೆ ಅಪಾಯವಿಲ್ಲ" ಎನ್ನುವುದು ನನ್ನ ಪಾಠದ ಸಾರ.

ತೇಲುವ ಜಾಕೆಟ್ ತೊಟ್ಟು ಸಮುದ್ರಕ್ಕಿಳಿದೆ. ಹೆಲಿಕಾಪ್ಟರ್ ಬಂತು. ಕೊಕ್ಕೆ ನೀರಿಗೆ ತಾಗಿತು. ಪಟ್ಟಿ ಕಂಕುಳಿಗೆ ಸೇರಿತು. ನಾನು ಮೂಟೆಯಾದೆ. ತಂತಿ ನನ್ನನ್ನು ನೀರಿನಿಂದ ಆಳೆತ್ತರಕ್ಕೆ ತಂದಿತು. ಎಲ್ಲವೂ ನಿಯಮದಂತೆಯೇ ನಡೆದಿತ್ತು.

ಆಗ ದಡದತ್ತ ನೋಡಿದೆ. ಬೀಗರಾಗಬೇಕಾದವರು ಜನರನ್ನು ಸರಿಸಿಕೊಂಡು ಮುಂದೆ ಬಂದು, ಟೊಪ್ಪಿಗೆ ಗಾಳಿಗೆ ಹಾರಿದರೂ ಲೆಕ್ಕಿಸದೆ, ನನಗೆ ಕೈಮುಗಿಯುತ್ತಿದ್ದರು! ಧಾರವಾಡದಲ್ಲಿ ಹುಟ್ಟಿದವನು, ಅದರಲ್ಲೂ ಹೆಣ್ಣಿನ ತಂದೆ, ಬೀಗರ ನಮಸ್ಕಾರವನ್ನು ನೋಡಿಯೂ ಸುಮ್ಮನೆ ತೂಗಾಡುವುದೇ? ದೂರಕ್ಕೂ ಕಾಣಲೆಂದು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮುಗಿದೆ.

ಪಟ್ಟಿ ಮೇಲೆ ಹೋಯಿತು. ನಾನು ಹೋಗಲಿಲ್ಲ!

ಮೈಮೇಲಿನ ಜಾಕೆಟ್ ನನ್ನನ್ನು ತೇಲಿಸಿತು. ಮೀನುಗಾರನೊಬ್ಬ ದೋಣಿ ತಂದು, ಕಾಲರ್ ಹಿಡಿದೆಳೆದು ದಡಕ್ಕೆ ಹಾಕಿದ. ಇದೂ ಪ್ರದರ್ಶನದ ಭಾಗವೆಂದು ಜನ ಚಪ್ಪಾಳೆ ತಟ್ಟಿದರು. ಸುಧಾ ಮಾತ್ರ ಮುಖ ಮುಚ್ಚಿಕೊಂಡು ನಿಂತಿದ್ದಳು.

"ಏನಾತ್ರಿ? ಹಗ್ಗ ಹರೀತೇನು?" ಎನ್ನುತ್ತ ಬೆಳಗಾವಿಯವರು ಓಡಿಬಂದರು.

"ಹಗ್ಗ ಗಟ್ಟಿ ಐತ್ರಿ ಅಣ್ಣಾರ," ಎಂದಳು ಗಿರಿಜಾ. "ನಿಮಗ ನಮಸ್ಕಾರ ಮಾಡಾಕ ಹೋಗಿ ಬಿದ್ದಾರ. ಕೈ ಎತ್ತಬಾರದಂತ ಎಲ್ಲಾರಿಗೂ ಕಲಿಸಿದವರೂ ಇವರ!"

ಅವರು ಗಿರಿಜಾಳತ್ತ ತಿರುಗಿದರು.

"ಅಕ್ಕಾರ, ಜೀವದ ಹಂಗ ಬಿಟ್ಟು ನಮಗ ಮರ್ಯಾದಿ ಕೊಟ್ಟಾರ. ಮನಿತನ ಇನ್ನೇನು ನೋಡೋದೈತ್ರಿ? ನಿಶ್ಚಯ ಯಾವಾಗ ಇಟ್ಟಕೊಳ್ಳೋಣು?"

ದಿನ, ಊರು, ಊಟ ಎಲ್ಲವೂ ಗಿರಿಜಾಳೊಂದಿಗೆ ಅಲ್ಲೇ ಮರಳ ಮೇಲೆ ತೀರ್ಮಾನವಾದವು. ಹೆಣ್ಣಿನ ತಂದೆಯನ್ನು ಯಾರೂ ಕೇಳಲಿಲ್ಲ. ಆತ ಪಕ್ಕದಲ್ಲೇ ಬೋರಲು ಮಲಗಿ, ಅರಬ್ಬೀ ಸಮುದ್ರವನ್ನು ಮೂಗಿನ ಮೂಲಕ ಸ್ವಸ್ಥಾನಕ್ಕೆ ಹಿಂದಿರುಗಿಸುತ್ತಿದ್ದ!