ಐದು ಸಲ ತೊಳೆದ ಕೈ

ಕರೂರಿನ ಉಜ್ಜಿನಪ್ಪನಿಗೆ ಮೀಸೆ ತಿರುವದೆ ಮಾತೇ ಹೊರಡುತ್ತಿರಲಿಲ್ಲ. ಆ ಚಟವೇ ಅವತ್ತು ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನಿಗೆ ಮುಳುವಾಯಿತು.

ದಿನ ತುಂಬುವ ಮೊದಲೇ ಹುಟ್ಟಿದ ಮಗಳ ಮಗ ಗಾಜಿನ ಪೆಟ್ಟಿಗೆ ಸೇರಿ ಎಂಟು ದಿನವಾಗಿತ್ತು. ಇಂದು ಮನೆಯವರಲ್ಲಿ ಒಬ್ಬರನ್ನು ಮಾತ್ರ, ಹತ್ತು ನಿಮಿಷ ಒಳಗೆ ಬಿಡುತ್ತಾರಂತೆ. ಕೂಸಿನ ಬೆರಳು ಒಮ್ಮೆ ಹಿಡಿಯಲೇಬೇಕೆಂದು ಉಜ್ಜಿನಪ್ಪ ಮೊದಲ ಬಸ್ಸಿಗೇ ಸಿರುಗುಪ್ಪ ದಾಟಿ ಬಂದಿದ್ದ.

"ಕೈ ತೊಳ್ಕಳ್ರಿ ತಾತಾ," ಎಂದಳು ಬಾಗಿಲಲ್ಲಿದ್ದ ನರ್ಸ್ ಶೀಲಾ.

ತೊಳೆದ. "ಆತಲ್ಲವ್ವಾ?" ಎನ್ನುತ್ತ ಮೀಸೆ ತಿರುವಿದ.

"ಮೀಸಿ ಮುಟ್ಟಿದ್ರಿ. ಮತ್ತ ತೊಳೀರಿ."

ತೊಳೆದ. ಸಿಟ್ಟು ಬಂತು. ಸಿಟ್ಟು ಬಂದರೆ ಕೈ ಹೋಗುವುದು ಮೀಸೆಗೇ. ಹೀಗೆ ನಾಲ್ಕು ಸಲವಾಯಿತು.

"ನನ್ನ ಕೈ ಅಷ್ಟು ಹೊಲಸು ಅದಾವೇನವ್ವಾ?"

ಶೀಲಾ ತನ್ನ ಕೈ ಚಾಚಿದಳು. ತೊಳೆದು ತೊಳೆದು ಚರ್ಮ ಬಿರುಕು ಬಿಟ್ಟಿತ್ತು. "ನಾ ದಿನಕ್ಕ ಐವತ್ತು ಸಲ ತೊಳ್ಕಂತೀನಿ ತಾತಾ. ಒಂದು ಕೂಸಿನ ನಂಜು ಇನ್ನೊಂದಕ್ಕ ಹತ್ತಬಾರದು. ನಿಮ್ಮ ಮೊಮ್ಮಗ ಬಂದಾಗ ಕೋಳಿಮರಿಯಷ್ಟಿದ್ದ."

ಉಜ್ಜಿನಪ್ಪನ ಸಿಟ್ಟು ಜರ್ರನೆ ಇಳಿಯಿತು. ಎಂಥ ಪುಣ್ಯಾತಗಿತ್ತಿ ಎನ್ನಿಸಿ ಕಣ್ಣು ತುಂಬಿತು. ಕಣ್ಣೊರೆಸಿಕೊಂಡ. ಐದನೆಯ ಸಲ ತೊಳೆಯಬೇಕಾಯಿತು.

ಅಷ್ಟರಲ್ಲಿ ಊರಿನ ಟಂಟಂ ಆಟೋ ಆಸ್ಪತ್ರೆಯ ಮುಂದೆ ಬಂದು ನಿಂತಿತು. ಹೆಂಡತಿ ಎರ್ರಮ್ಮನ ಜತೆ ಹನ್ನೊಂದು ಮಂದಿ ಇಳಿದು ವಾರ್ಡಿನ ಬಾಗಿಲಿಗೇ ಬಂದರು! ಆಸ್ಪತ್ರೆ ಸೇರಿದವರನ್ನು ಊರೆಲ್ಲ ಬಂದು ಮಾತಾಡಿಸದಿದ್ದರೆ ಕರೂರಿನ ಮರ್ಯಾದೆ ಏನಾಗಬೇಕು? ಮುಂದೆ ನಿಂತಿದ್ದ ಮಾರೆಣ್ಣನ ಬಾಯ್ತುಂಬ ಎಲೆಅಡಿಕೆ.

"ನಿಂದರ್ರಿ!" ತೊಳೆದ ಕೈ ಎತ್ತಿ ಹಿಡಿದೇ ಉಜ್ಜಿನಪ್ಪ ಅಡ್ಡ ನಿಂತ. "ಒಬ್ಬರಿಗಷ್ಟ ಬಿಡ್ತಾರ! ಅದೂ ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು ಎಲ್ಲಾ ತಿಕ್ಕಿ ತೊಳ್ದೋರಿಗೆ!"

"ಯಾವಾಗ ಡಾಕ್ಟ್ರಾದಿಲೇ ಉಜ್ಜಿನಪ್ಪಾ?" ಎಂದ ಮಾರೆಣ್ಣ.

"ಬಾಯಿ ಮುಚ್ಚಲೇ! ಎಂಟು ದಿನ ಈ ಯವ್ವ ಜೀವ ತೇದು ಕೂಸು ಉಳಿಸ್ಯಾಳ. ನೀ ಒಂದು ಗಳಿಗ್ಯಾಗ ಕೆಡಸ್ತೀಯೇನು?"

ಭಾಷಣ ಮುಗಿಯುವಷ್ಟರಲ್ಲಿ ಆ ಹನ್ನೊಂದು ಮಂದಿಯೂ ತೆಪ್ಪಗೆ ಬೆಂಚಿಗೆ ಹೋಗಿ ಕೂತಿದ್ದರು.

"ಭೇಷ್ ತಾತಾ! ನಿಮ್ಮಂಥೋರು ವಾರ್ಡಿಗೊಬ್ಬರು ಬೇಕು," ಎಂದಳು ಶೀಲಾ.

ಉಜ್ಜಿನಪ್ಪ ಉಬ್ಬಿಹೋದ. "ಇನ್ನ ನಾ ಒಳಗ ಹೋಗ್ಲೇನವ್ವಾ?"

"ನೀವ್ಯಾಕ್ರಿ? ಒಬ್ಬರು ಆಗ್ಲೇ ಹೋಗ್ಯಾರಲ್ಲ. ನೀವು ಹೇಳಿದಂಗ ಉಗುರ ಬುಡ ಬಿಡದಂಗ ತಿಕ್ಕಿ, ಒಂದೇ ಸಲಕ್ಕ ಪಾಸಾದ್ರು. ನೀವು ಬಾಗ್ಲಾ ಕಾಯಾಕ ನಿಂತ್ರಿ ಅನ್ಕಂಡೆ."

ಗಾಜಿನಾಚೆ ಮೊಮ್ಮಗ ಎರ್ರಮ್ಮನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.