ಬೋಳಿಸಿದರೂ ಹೋಗದ ಕೂದಲು

ಗಂಡಸರ ತಲೆ ಮುಟ್ಟುವ ಕೆಲಸಕ್ಕೆ ಇಳಿದ ದಿನದಿಂದ ನನ್ನ ಬದುಕಿನಲ್ಲಿ ಸಪ್ಪೆ ದಿನ ಅಂತ ಒಂದೂ ಕಳೆದಿಲ್ಲ. ಬಸವೇಶ್ವರನಗರದಲ್ಲಿ ನನ್ನದು ಮೊದಲು ಹೆಂಗಸರ ಬ್ಯೂಟಿ ಪಾರ್ಲರ್ ಆಗಿತ್ತು. ಆಮೇಲೆ ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಶನ್ ಕಲಿತೆ. ಹೆಸರು ಕೇಳಿ ಗಾಬರಿಯಾಗಬೇಡಿ. ಬೋಳು ತಲೆಯ ಚರ್ಮದೊಳಗೆ ಸಣ್ಣ ಸೂಜಿಯಿಂದ ಸಾವಿರಾರು ಬಣ್ಣದ ಚುಕ್ಕೆ ಇಡುವುದು, ಅಷ್ಟೇ. ನೋಡಿದವರಿಗೆ ಮೊನ್ನೆ ತಾನೇ ನುಣ್ಣಗೆ ಬೋಳಿಸಿದ ತಲೆಯಲ್ಲಿ ಕೂದಲು ಚಿಗುರುತ್ತಿರುವ ಹಾಗೆ ಕಾಣುತ್ತದೆ. ನಮ್ಮ ಬೀದಿಯವರು ಇದನ್ನು "ತಲೆ ಹಚ್ಚೆ" ಅಂತಾರೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಎಷ್ಟು ದಿನ ಬರುತ್ತೆ?" ಆ ಪ್ರಶ್ನೆ ಕೇಳಿ ಕೇಳಿ ನನ್ನ ತಲೆಯ ಕೂದಲೇ ಉದುರಲು ಶುರುವಾಗಿದೆ.

ರೋಡ್ ಕಡೆ ಮಾತ್ರ

ರಾಜಾಜಿನಗರದಿಂದ ಒಬ್ಬರು ರಿಟೈರ್ಡ್ ಯಜಮಾನರು ಬಂದರು. ಆಗಷ್ಟೇ ಮನೆಗೆ ಸುಣ್ಣಬಣ್ಣ ಮಾಡಿಸಿ ಮುಗಿಸಿದ್ದರು. ಕುರ್ಚಿಯಲ್ಲಿ ಕೂತವರೇ ಮಾಮೂಲಿ ಪ್ರಶ್ನೆ ಕೇಳಿದರು.

"ಮೂರರಿಂದ ಐದು ವರ್ಷ ಬರುತ್ತೆ ಸಾರ್. ಒಂದೇ ಸಲ ಹೋಗಲ್ಲ, ನಿಧಾನಕ್ಕೆ ತೆಳುವಾಗ್ತಾ ಹೋಗುತ್ತೆ. ಆಮೇಲೆ ಒಂದು ಟಚಪ್ ಮಾಡಿಸ್ಕೋಬೇಕು" ಅಂದೆ.

"ಐದೇ ವರ್ಷನಾ? ನಮ್ಮನೆ ಗೋಡೆ ಬಣ್ಣಕ್ಕೆ ಏಳು ವರ್ಷ ವಾರಂಟಿ ಕೊಟ್ಟಿದಾರಮ್ಮ. ಮಳೆ ಬಿಸಿಲು ಎಲ್ಲಾ ತಡೆಯುತ್ತೆ ಅಂತೆ."

"ಗೋಡೆ ಬೆವರೋದಿಲ್ಲ ಸಾರ್. ಅದರ ಚರ್ಮವೂ ಸುಲಿಯಲ್ಲ."

"ನೀವು ಪ್ರೈಮರ್ ಹೊಡೀತಿಲ್ಲ, ಅದಕ್ಕೇ ನಿಲ್ತಿಲ್ಲ" ಅಂದರು. ಗಂಡಸರಿಗೆ ಗೋಡೆಯ ವಿಷಯದಲ್ಲಿ ಇರುವ ಜ್ಞಾನದ ಮುಂದೆ ವಾದ ಮಾಡಿ ಪ್ರಯೋಜನವಿಲ್ಲ. ಕನ್ನಡಿಯಲ್ಲಿ ತಲೆಯ ಮುಂಭಾಗ, ನೆತ್ತಿ, ಹಿಂಭಾಗ ಎಲ್ಲ ತೋರಿಸಿ, ಪೂರ್ತಿ ಮಾಡಿದರೆ ಎಷ್ಟಾಗುತ್ತದೆ ಅಂತ ಹೇಳಿದೆ. ಅವರು ಕನ್ನಡಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ಒಂದು ಕೆಲಸ ಮಾಡಿ. ರೋಡ್ ಕಡೆ ಮಾತ್ರ ಮಾಡಿಬಿಡಿ. ಹಿಂದಗಡೆ ಬರೀ ಕನ್ಸರ್ವೆನ್ಸಿ ಗಲ್ಲಿ, ಅಲ್ಲಿ ಯಾರು ನೋಡ್ತಾರೆ?"

ಹಳೇ ಪೀಸ್ ತನ್ನಿ

ಚುಕ್ಕೆ ಇಟ್ಟ ಮೊದಲ ವಾರ ತಲೆ ಕಪ್ಪಗೆ, ಗಾಢವಾಗಿ ಕಾಣುತ್ತದೆ. ಆಮೇಲೆ ಮೇಲಿನ ಸಣ್ಣ ಸಣ್ಣ ಹೊಪ್ಪಳೆ ಉದುರಿ ಬಣ್ಣ ತಿಳಿಯಾಗುತ್ತದೆ. ಎರಡನೇ ಸಲ, ಮೂರನೇ ಸಲ ಕೂತಾಗ ಅದು ಸರಿಯಾಗಿ ನಿಲ್ಲುತ್ತದೆ. ಇದನ್ನು ಎಲ್ಲರಿಗೂ ಮೊದಲೇ ಹೇಳುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ. ಒಬ್ಬರ ತಲೆಯೊಳಗೂ ಅದು ಹೋಗುವುದಿಲ್ಲ, ನನ್ನ ಸೂಜಿಯ ಹಾಗೆ ಮೇಲೆ ಮೇಲೆಯೇ ಉಳಿಯುತ್ತದೆ.

ಕೆಂಗೇರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಒಬ್ಬರು ಮೊದಲ ಸಲ ಮಾಡಿಸಿಕೊಂಡು ಖುಷಿಯಾಗಿ ಹೋದರು. ಹತ್ತು ದಿನ ಬಿಟ್ಟು ಮುಖ ಊದಿಸಿಕೊಂಡು ಬಂದು, ಮೇಜಿನ ಮೇಲೆ ಬಲ್ಬಿನ ಡಬ್ಬಿಯೊಂದನ್ನು ಟಪ್ಪನೆ ಇಟ್ಟರು.

"ಏನಿದು ಸಾರ್?"

"ಉದುರಿದ್ದೆಲ್ಲಾ ಇದರಲ್ಲಿದೆ ಮೇಡಂ. ದಿಂಬಿನ ಮೇಲೆ ಬಿದ್ದಿದ್ದನ್ನೂ ಬಿಟ್ಟಿಲ್ಲ, ಒಂದೊಂದಾಗಿ ಎತ್ತಿಟ್ಟಿದೀನಿ."

ಡಬ್ಬಿ ತೆರೆದೆ. ಒಳಗೆ ನಿಜವಾಗಿಯೂ ಅವರ ತಲೆಯ ಹೊಪ್ಪಳೆ, ಹತ್ತಿ ಹಾಸಿ ಜೋಪಾನವಾಗಿ ಇಟ್ಟಿದ್ದರು. "ಇದನ್ನ ಯಾಕೆ ತಂದ್ರಿ?" ಅಂತ ಕೇಳಿದೆ.

ಅವರು ನನ್ನನ್ನು ವ್ಯವಹಾರ ತಿಳಿಯದ ಹೆಂಗಸಿನ ಹಾಗೆ ನೋಡಿದರು. "ನಮ್ಮ ಅಂಗಡೀಲಿ ಹಳೇ ಪೀಸ್ ವಾಪಸ್ ತಂದರೆ ಮಾತ್ರ ರೀಪ್ಲೇಸ್‌ಮೆಂಟ್ ಮೇಡಂ. ಇಲ್ಲಿ ಹಂಗಿಲ್ವಾ?"

ಸೀಗೆಪುಡಿ ಪರೀಕ್ಷೆ

ಬಿನ್ನಿಪೇಟೆಯ ಹುಡುಗನೊಬ್ಬ ಅಮ್ಮನಿಗೆ ಹೇಳದೆ ಮಾಡಿಸಿಕೊಂಡ. ಮೂರನೇ ದಿನಕ್ಕೆ ನರಕ ಚತುರ್ದಶಿ. ಬೆಳಗಿನ ಜಾವ ಅಮ್ಮ ಎಬ್ಬಿಸಿ, ಮಣೆ ಹಾಕಿ ಕೂರಿಸಿ, ನೆತ್ತಿಗೆ ಹರಳೆಣ್ಣೆ ಸುರಿದಿದ್ದಾರೆ. "ಏನೋ ಇದು, ತಲೆಯೆಲ್ಲಾ ಮಸಿ ಮೆತ್ಕೊಂಡಿದೆ, ಆ ಬೈಕಲ್ಲಿ ತಿರುಗಿ ತಿರುಗಿ" ಅಂತ ಸೀಗೆಪುಡಿ ಹಾಕಿ, ಸಾಲದೆ ಪಾತ್ರೆ ತಿಕ್ಕುವ ತೆಂಗಿನ ನಾರನ್ನೂ ತಂದು ಉಜ್ಜಿದ್ದಾರೆ. ಹಬ್ಬದ ದಿನ ಕೂಗಾಡಬಾರದು ಅಂತ ಹುಡುಗ ಹಲ್ಲು ಕಚ್ಚಿಕೊಂಡು ಕೂತಿದ್ದನಂತೆ.

ಕೆಂಪಗೆ ಟೊಮೇಟೊ ಆಗಿದ್ದ ತಲೆ ಹೊತ್ತು ಅವನು ಬಂದಾಗ ಹಿಂದೆಯೇ ಅಮ್ಮನೂ ಬಂದರು. ನನಗೆ ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ಬೈಯಲಿಲ್ಲ. ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟು ಸಮಾಧಾನವಾಗಿ ಹೇಳಿದರು: "ನಮ್ಮನೆ ಸೀಗೆಪುಡಿ ಇದು. ಇನ್ಮೇಲೆ ಮೊದಲು ಇದರಲ್ಲಿ ಉಜ್ಜಿ ನೋಡಿ. ನಿಂತ್ರೆ ಮಾತ್ರ ಇನ್ನೊಬ್ಬರ ಮಕ್ಕಳ ತಲೆಗೆ ಹಾಕಿ."

ದೇವರು ಒಲ್ಲೆ ಅಂದ ಮುಡಿ

ವಿಜಯನಗರದ ಗುಮಾಸ್ತನೊಬ್ಬನನ್ನು ನೆನೆದರೆ ನಗು ಬರುತ್ತದೆ, ಜೊತೆಗೆ ಪಾಪ ಅಂತಲೂ ಅನ್ನಿಸುತ್ತದೆ. ನಲವತ್ತರ ಹತ್ತಿರ ವಯಸ್ಸು, ಒಳ್ಳೆಯ ಮನುಷ್ಯ. ನೋಡಿದ ಹೆಣ್ಣುಗಳೆಲ್ಲ ಅವನ ತಲೆ ನೋಡಿಯೇ ಬೇಡ ಅಂದಿದ್ದರು. ಕೊನೆಗೆ ನನ್ನ ಹತ್ತಿರ ಬಂದು ಚುಕ್ಕೆ ಇಡಿಸಿಕೊಂಡ. ಅದಾದ ಮೇಲೆ ಶ್ರೀಗಂಧದ ಕಾವಲ್‌ನಲ್ಲಿ ಒಂದು ಸಂಬಂಧ ಕುದುರಿತು. ಹುಡುಗಿಗೆ ಮೊದಲ ದಿನವೇ ನಿಜ ಹೇಳಿಬಿಟ್ಟಿದ್ದ. ಅವಳು ನಕ್ಕು, "ನಂಗೇನೂ ತೊಂದ್ರೆ ಇಲ್ಲ. ಅಮ್ಮನಿಗೆ ಮಾತ್ರ ಮದುವೆ ಆಗೋವರೆಗೂ ಹೇಳ್ಬೇಡಿ" ಅಂದಿದ್ದಳು. ತಲೆ ಬೋಳಿಸುವುದು ಅಳಿಯನ ಸ್ಟೈಲು ಅಂತ ಅಮ್ಮ ನಂಬಿದ್ದರು.

ಆ ಅಮ್ಮ ಯಾರಿಗೂ ಹೇಳದೆ ಒಂದು ಹರಕೆ ಹೊತ್ತಿದ್ದರು. ಮಗಳಿಗೆ ಗಂಡು ಗೊತ್ತಾದರೆ, ಮದುವೆಗೆ ಮುಂಚೆ ಅಳಿಯನಾಗುವವನು ಬೆಟ್ಟದ ಮನೆದೇವರಿಗೆ ಮುಡಿ ಕೊಡುತ್ತಾನೆ ಅಂತ. ಹರಕೆ ಇವರದು, ತಲೆ ಅವನದು.

ಲಗ್ನಪತ್ರಿಕೆ ಹಂಚಿ ಆದ ಮೇಲೆ ಅದನ್ನು ಹೊರಹಾಕಿದರು, ಆಗ ಒಲ್ಲೆ ಅನ್ನುವ ಹಾಗಿರಲಿಲ್ಲ. ಮೂವರೂ ಬೆಟ್ಟಕ್ಕೆ ಹೋದರು. ಮುಡಿ ತೆಗೆಯುವವನು ತಲೆ ನೆನೆಸಿ ಕತ್ತಿ ಎಳೆದ. ಕಿವಿಯ ಮೇಲೆ, ಹಿಂದೆ ಇದ್ದ ನಿಜವಾದ ಕೂದಲೆಲ್ಲ ಹೋಯಿತು. ನೆತ್ತಿಯ ಕಪ್ಪು ಹೋಗಲಿಲ್ಲ. ಇನ್ನೊಮ್ಮೆ ಎಳೆದ. ಬ್ಲೇಡ್ ಬದಲಾಯಿಸಿದ. ಅಂಗೈಯಿಂದ ಸವರಿ ನೋಡಿ ಪಕ್ಕದವನನ್ನು ಕರೆದ. "ಬಾರೋ ಇಲ್ಲಿ. ಕೈಗೆ ಸಿಗ್ತಿಲ್ಲ, ಕಣ್ಣಿಗೆ ಕಾಣ್ತಿದೆ." ಪಕ್ಕದವನೂ ತನ್ನ ಕತ್ತಿ ಎಳೆದು ನೋಡಿ ಕೈಚೆಲ್ಲಿದ. ಕ್ಯೂನಲ್ಲಿದ್ದವರು ಸುತ್ತ ಸೇರಿದರು.

ಅತ್ತೆಯ ಮುಖ ಕಪ್ಪಿಟ್ಟಿತು. "ದೇವರು ಮುಡಿ ತಗೊಳ್ತಾ ಇಲ್ಲ. ಈ ಸಂಬಂಧ ಆತನಿಗೆ ಇಷ್ಟ ಇಲ್ಲ. ಏಳಿ, ಮದುವೆ ಬೇಡ" ಅಂದುಬಿಟ್ಟರು.

ಆಗ ಹುಡುಗಿ ನನಗೆ ಫೋನ್ ಮಾಡಿದಳು. "ಮೇಡಂ, ಸ್ಪೀಕರ್ ಹಾಕಿದೀನಿ. ಇವರ ತಲೆ ಮೇಲಿರೋದು ಏನು ಅಂತ ಎಲ್ಲರಿಗೂ ಹೇಳಿ." ಒಂದು ಮದುವೆ ನನ್ನ ಸೂಜಿಯ ತುದಿಯಲ್ಲಿ ನಿಂತಿತ್ತು. ಇದ್ದದ್ದು ಇದ್ದಹಾಗೆ ಹೇಳಿದೆ. ಅದು ಕೂದಲಲ್ಲ, ಬಣ್ಣ, ಬೋಳಿಸಿದರೆ ಹೋಗುವುದಿಲ್ಲ.

ಅಲ್ಲೇ ಅತ್ತೆ ಮಗಳನ್ನು ಕೇಳಿದರು. "ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತಮ್ಮ."

"ಹಾಗಾದ್ರೆ ಬೋಳು ನಿನ್ನ ಪಾಲಿಗೆ, ನೀನೇ ಅನುಭವಿಸು. ಹರಕೆ ನಂದು, ಅದು ತೀರಬೇಕು. ಏನಮ್ಮಾ ಫೋನಿನವರೇ, ಎಷ್ಟು ದಿನ ಬರುತ್ತೆ ಇದು?"

"ಮೂರರಿಂದ ಐದು ವರ್ಷ. ದಿನಾ ಚೂರು ಚೂರೇ ಮಾಸುತ್ತೆ" ಅಂದೆ.

ಅಲ್ಲೇ ನಿಂತಿದ್ದ ವಯಸ್ಸಾದ ಅರ್ಚಕರು ಗಂಟಲು ಸರಿಮಾಡಿಕೊಂಡರು. "ದೇವರಿಗೆ ಆತುರ ಇಲ್ಲ ತಾಯಿ. ನಿಧಾನಕ್ಕೆ ತಗೋತಾನೆ."

"ಅಂದ್ರೆ, ಕಂತಲ್ಲಿ?"

"ಹಂಗೇ ಇಟ್ಕೊಳ್ಳಿ."

ಅತ್ತೆ ಒಪ್ಪಿದರು. ಆದರೆ ಒಂದು ಷರತ್ತು. ಹರಕೆ ಪೂರ್ತಿ ಸಲ್ಲುವವರೆಗೆ ಟಚಪ್ ಮಾಡಿಸುವ ಹಾಗಿಲ್ಲ. ದೇವರಿಗೆ ಕೊಟ್ಟಿದ್ದನ್ನು ಮತ್ತೆ ಮೇಲೆ ಬರೆದುಕೊಳ್ಳುವುದು ಮಹಾಪಾಪ. ಹೀಗೆ ಮದುವೆ ಉಳಿಯಿತು, ನನ್ನ ಗಿರಾಕಿ ಹೋದ. ಬೇಜಾರೇನೂ ಆಗಲಿಲ್ಲ. ಮದುವೆಗೆ ಹೋಗಿ ಹೊಟ್ಟೆ ತುಂಬ ಹೋಳಿಗೆ ತಿಂದು, ಹುಡುಗಿಯ ಕೈ ಹಿಡಿದು ಹರಸಿ ಬಂದೆ.

ಬೇಸಿಗೆಯಲ್ಲಿ ಅತ್ತೆಯೇ ಫೋನ್ ಮಾಡಿದರು. "ಏನಮ್ಮಾ, ಇನ್ನೂ ಕಪ್ಪಗೇ ಇದೆಯಲ್ಲ. ಬೇಗ ಮಾಸೋಕೆ ಏನು ಮಾಡ್ಬೇಕು?" ಉಳಿಸಿಕೊಳ್ಳುವುದು ಹೇಗೆ ಅಂತ ಕೇಳುವವರೇ ಎಲ್ಲ. ಕಳೆದುಕೊಳ್ಳುವುದು ಹೇಗೆ ಅಂತ ಕೇಳಿದವರು ಇವರೊಬ್ಬರೇ. ಆ ಬೆರಗಿನಲ್ಲಿ ನನ್ನ ಬಾಯಿಂದ ನಿಜ ಬಿದ್ದುಹೋಯಿತು. "ಬಿಸಿಲಿಗೆ ಬೇಗ ಮಾಸುತ್ತೆ, ಅದಕ್ಕೇ ನಾವು ಟೋಪಿ ಹಾಕ್ಕೊಳ್ಳಿ ಅಂತೀವಿ."

ಮುಂದಿನ ಭಾನುವಾರದಿಂದ ಅಳಿಯನಿಗೆ ಅತ್ತೆ ಮನೆಯ ತಾರಸಿಯೇ ಗತಿಯಾಯಿತು. ಸುಡುಬಿಸಿಲಲ್ಲಿ ಬರಿತಲೆಯಲ್ಲಿ ಕೂರಬೇಕು. ಸುಮ್ಮನೆ ಕೂರುವ ಬದಲು ಅಂತ ಒಣಹಾಕಿದ ಸಂಡಿಗೆ ಕಾಯುವ ಕೆಲಸವನ್ನೂ ವಹಿಸಿದರು. ಅತ್ತೆಯ ಲೆಕ್ಕದಲ್ಲಿ ಒಂದೇ ಬಿಸಿಲಿಗೆ ಎರಡು ಕೆಲಸ.

ಕಳೆದ ವಾರ ಅವನೇ ಫೋನ್ ಮಾಡಿದ. ದನಿ ಸೋತುಹೋಗಿತ್ತು.

"ಮೇಡಂ, ಅಪಾಯಿಂಟ್‌ಮೆಂಟ್ ಬೇಕು. ಹೊಸದಾಗಿ ಚುಕ್ಕೆ ಇಡಿಸ್ಕೋಬೇಕು."

"ಹರಕೆ ಆಗೋವರೆಗೂ ಇಡಿಸ್ಕೊಳ್ಳೋ ಹಾಗಿಲ್ಲ ಅಲ್ವಾ?"

"ಸಂಡಿಗೆ ಕಾಯ್ತಾ ಕೂತಿದ್ದೆ ಮೇಡಂ. ಕಾಗೆ ಸಂಡಿಗೆ ಬಿಟ್ಟು ನನ್ನ ತಲೆ ಮೇಲೆ ಬಂದು ಕೂತ್ಬಿಡ್ತು. ಶನಿ ದೋಷ ಅಂತ ಅತ್ತೆ ಅಲ್ಲೇ ಇನ್ನೊಂದು ಮುಡಿ ಹರಕೆ ಹೊತ್ಕೊಂಡ್ರು. ಇರೋ ಚುಕ್ಕೆ ಹಳೇ ಹರಕೆಗೆ, ಹೊಸದಕ್ಕೆ ಬೇರೆ ಹಾಕಿಸ್ಕೊಂಡು ಬಾ ಅಂತಿದಾರೆ."

ನಾನು ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಈ ಸಲ ಒಂದೇ ವಾರಕ್ಕೆ ಹೋಗೋ ಅಂಥಾ ಬಣ್ಣ ಹಾಕೋಕೆ ಹೇಳಪ್ಪಾ, ಮಳೆಗಾಲ ಹತ್ರ ಬಂತು, ಬಿಸಿಲು ಸಿಗಲ್ಲ."