ಡ್ರೈವರ್ ಬಂದಿಲ್ಲ ಅನ್ನುವ ಇಂಜಿನ್

ಡ್ರೈವರ್: ಸ್ಟೇರಿಂಗ್ ಹಿಡ್ಕೊಂಡು ಕೂತಿದೀನಿ. ಆದ್ರೂ ಒಳಗೆ ಯಾರೂ ಇಲ್ಲ ಅನ್ನುತ್ತಲ್ಲ, ಕಣ್ಣು ಕಾಣಲ್ವಾ ಇದಕ್ಕೆ?

ಮೇಸ್ತ್ರಿ: ಅಣ್ಣ, ಇದು ಹೊಸ ಡೀಸೆಲ್ ಇಂಜಿನ್. ಇದಕ್ಕೆ ತಲೆ ಇದೆ. ಆ ಕಪ್ಪು ಡಬ್ಬಿ ಒಪ್ಪದೆ ಸ್ಟಾರ್ಟ್ ಆಗಲ್ಲ.

ಡ್ರೈವರ್: ಹಳೇ ಇಂಜಿನ್‌ಗೆ ತಲೆ ಇರಲಿಲ್ಲ. ಮೂವತ್ತು ವರ್ಷ ಮರ್ಯಾದೆಯಿಂದ ಓಡ್ತು.

ಗ್ಯಾರೇಜಿನ ಮಧ್ಯೆ ನಿಂತಿದ್ದ ಲಾರಿಗೆ ವಯಸ್ಸಾಗಿತ್ತು. ಅದರ ಹೊಟ್ಟೆಯೊಳಗಿನ ಇಂಜಿನ್ ಮಾತ್ರ ಮೊನ್ನೆ ಮೊನ್ನೆ ಬಂದದ್ದು. ಸಂಜೆಯೊಳಗೆ ಲಾರಿ ತಾನಾಗಿ ಮನೆ ಮುಂದೆ ಬಂದು ನಿಲ್ಲದಿದ್ದರೆ ನಾಳೆ ಗುಜರಿಗೆ ಎಂದು ಡ್ರೈವರನ ಹೆಂಡತಿ ಹೇಳಿಬಿಟ್ಟಿದ್ದಳು. ಆಕೆ ಹೇಳಿದ ಮೇಲೆ ಮುಗಿಯಿತು. ಆಗಲೇ ನಾಲ್ಕು ಗಂಟೆ.

ಮೇಸ್ತ್ರಿ: ಇದಿನ್ನೂ ಹೊಸ ಲಾರಿಯಲ್ಲೇ ಇದೀನಿ ಅಂದ್ಕೊಂಡಿದೆ. ಎಸಿ ಇದೆ ಅಂದೆ, ನಂಬ್ತು. ಹಿಂದೆ ಕ್ಯಾಮೆರಾ ಇದೆ ಅಂದೆ, ನಂಬ್ತು. ಮಳೆ ಬಂದ್ರೆ ವೈಪರ್ ತಾನೇ ತಿರುಗುತ್ತೆ ಅಂದೆ, ಅದನ್ನೂ ನಂಬ್ತು.

ಡ್ರೈವರ್: ವೈಪರೇ ಇಲ್ವಲ್ಲೋ. ಹೇಗೆ ಹೇಳಿದೆ?

ಮೇಸ್ತ್ರಿ: ವೈರಲ್ಲಿ.

ಡ್ರೈವರ್ (ಪಿಸುದನಿಯಲ್ಲಿ): ಮೆಲ್ಲಗೆ ಮಾತಾಡು. ಕೇಳಿಸ್ಕೊಂಡೀತು.

ಮೇಸ್ತ್ರಿ (ತಾನೂ ಪಿಸುದನಿಯಲ್ಲಿ): ಡ್ರೈವರ್ ಬಂದಾಯ್ತು ಅಂದೆ. ಆ ನಾಲ್ಕನೇ ಸುಳ್ಳಿಗೆ ಅನುಮಾನ ಬಂದುಬಿಡ್ತು. ಸ್ಟೇರಿಂಗ್ ಕಡೆ ಬಾಗಿಲು ತೆಗೀಬೇಕಂತೆ, ಮುಚ್ಚಬೇಕಂತೆ, ಆಮೇಲೆ ಸೀಟಿನ ಮೇಲೆ ಭಾರ ಬೀಳಬೇಕಂತೆ. ಆಗಲೇ ಡ್ರೈವರ್ ಬಂದ ಹಾಗೆ. ನೀನು ಯಾವ ಕಡೆಯಿಂದ ಹತ್ತಿದೆ?

ಡ್ರೈವರ್: ಕ್ಲೀನರ್ ಬಾಗಿಲಿಂದ. ನನ್ನ ಕಡೆ ಬಾಗಿಲಿಗೆ ವೆಲ್ಡಿಂಗ್ ಬಿದ್ದು ಹನ್ನೆರಡು ವರ್ಷ ಆಯ್ತಲ್ಲ.

ಮೇಸ್ತ್ರಿ: ಅದಕ್ಕೇ. ಇಂಜಿನ್ ಪಾಲಿಗೆ ನೀನು ಕ್ಲೀನರ್.

ಈ ಮಾತು ಡ್ರೈವರನಿಗೆ ನಾಟಿತು. ಸೀಟಿನಿಂದ ಎರಡು ಸಲ ಎದ್ದು ಎರಡು ಸಲ ಕೂತ. ಕೊನೆಗೆ ಜೇಬಿನಿಂದ ಲೈಸೆನ್ಸ್ ತೆಗೆದು ಡಬ್ಬಿಯ ಮುಂದೆ ಹಿಡಿದ. ಅದರ ಕೆಂಪು ದೀಪ ಹಾಗೇ ಮಿಣುಕುತ್ತಿತ್ತು.

ಮೇಸ್ತ್ರಿ: ಬಿಡಣ್ಣ. ಆ ಬಾಗಿಲ ವೆಲ್ಡಿಂಗ್ ಕತ್ತರಿಸಿ ಹೊಸ ಚಿಲಕ ಹಾಕ್ತೀನಿ.

ಡ್ರೈವರ್: ಮುಟ್ಟಬೇಡ. ನಮ್ಮನೆಯವಳು ಎದುರಿಗೆ ನಿಂತು ಹಾಕಿಸಿದ ವೆಲ್ಡಿಂಗು ಅದು. ಒಂದು ಸಲ ತಿರುವಲ್ಲಿ ಬಾಗಿಲು ತಾನೇ ತೆರೆದುಕೊಳ್ತು. ನಾನು ಇಳಿದೆ, ಲಾರಿ ಮುಂದೆ ಹೋಯ್ತು.

ಮೇಸ್ತ್ರಿ: ಬಿದ್ದೆ ಅನ್ನು.

ಡ್ರೈವರ್: ಇಳಿದೆ. ಸ್ವಲ್ಪ ಬೇಗ ಇಳಿದೆ.

ಮೇಸ್ತ್ರಿ: ಲಾರಿ ನಿಲ್ಲಿಸಿದ್ದು ಯಾರು?

ಡ್ರೈವರ್: ಅವಳೇ. ಪಕ್ಕದಲ್ಲಿ ಕೂತಿದ್ದಳು. ನಿಲ್ಲಿಸಿ, ರಿವರ್ಸ್ ತಗೊಂಡು ಬಂದು ನನ್ನನ್ನ ಹತ್ತಿಸ್ಕೊಂಡಳು. ಮನೆ ತನಕ ಅವಳೇ ಓಡಿಸಿದಳು, ದಾರಿಯುದ್ದಕ್ಕೂ ಅತ್ತಳು. ಅವಳು ಹೇಳದೆ ಆ ಬಾಗಿಲು ತೆಗೆಯಲ್ಲ ಮೇಸ್ತ್ರಿ. ಲಾರಿ ಗುಜರಿಗೆ ಹೋದ್ರೂ ಸರಿ.

ಅಷ್ಟರಲ್ಲಿ ಆ ಹೆಂಡತಿಯೇ ಗ್ಯಾರೇಜಿನೊಳಗೆ ಬಂದಳು.

ಮೇಸ್ತ್ರಿ: ಅತ್ತಿಗೆ, ಇಂಜಿನ್ ಸರಿಯಾಗಿದೆ. ಆದ್ರೆ ಡ್ರೈವರ್ ಇಲ್ಲ ಅಂತಿದೆ.

ಹೆಂಡತಿ: ಇವರು ಕೂತಿದ್ರೂ?

ಮೇಸ್ತ್ರಿ: ಕೂತಿದ್ರೂ.

ಹೆಂಡತಿ: ಮನೇಲೂ ಹಾಗೇ. ಕೂತಿರ್ತಾರೆ, ಇರಲ್ಲ.

ಬಾಗಿಲ ಸಂಗತಿಯನ್ನು ಮೇಸ್ತ್ರಿ ಬಿಡಿಸಿ ಹೇಳಿದ. ಆಕೆ ವೆಲ್ಡಿಂಗ್ ಮೇಲೆ ಒಮ್ಮೆ ಕೈಯಾಡಿಸಿ, ಕತ್ತರಿಸಿ ಅಂದಳು. ಚಿಲಕ ಗಟ್ಟಿ ಇದೆಯಾ ಅಂತ ಮೊದಲು ತಾನೇ ನೋಡಬೇಕು ಅಂತಲೂ ಅಂದಳು. ಮೇಸ್ತ್ರಿ ವೆಲ್ಡಿಂಗ್ ಕತ್ತರಿಸಿ ಹೊಸ ಚಿಲಕ ಹಾಕಿದ. ಹನ್ನೆರಡು ವರ್ಷ ಮುಚ್ಚಿದ್ದ ಬಾಗಿಲು ಕಿರ್ರೆಂದು ತೆರೆಯಿತು. ಗಂಡ ಕ್ಲೀನರ್ ಸೀಟಿಗೆ ಸರಿದ. ಆಕೆ ಹತ್ತಿ ಕೂತು ಧಡ್ ಎಂದು ಬಾಗಿಲು ಎಳೆದುಕೊಂಡಳು. ದೀಪ ಹಸಿರಾಯಿತು. ಕೀ ತಿರುಗಿಸಿದ ಕೂಡಲೇ ಇಂಜಿನ್ ಬಹಳ ವಿನಯದಿಂದ ಶುರುವಾಯಿತು.

ಡ್ರೈವರ್: ಸರಿ, ಈಗ ಇಳಿ. ನಾನು ಬರ್ತೀನಿ ಆ ಕಡೆ.

ಮೇಸ್ತ್ರಿ: ಬೇಡಣ್ಣ. ಮೊದಲು ಕೂತವರ ಭಾರವನ್ನ ಇದು ನೆನಪಿಟ್ಕೊಳ್ಳುತ್ತೆ. ಇನ್ನು ಇದಕ್ಕೆ ಅತ್ತಿಗೆಯೇ ಡ್ರೈವರ್. ಬದಲಾಯಿಸಬೇಕಾದ್ರೆ ಇಂಜಿನ್ ಪೂರ್ತಿ ಬಿಚ್ಚಬೇಕು.

ಹೆಂಡತಿ ಗೇರ್ ಹಾಕಿದಳು. ಲಾರಿ ಒಂದಡಿ ಮುಂದೆ ಹೋಗಿ ಗಕ್ಕನೆ ನಿಂತಿತು. ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

ಹೆಂಡತಿ: ಮೇಸ್ತ್ರಿ, ವೆಲ್ಡಿಂಗ್ ಮೆಷಿನ್ ಇನ್ನೂ ಬಿಸಿ ಇದೆಯಾ? ಇವರ ಕಡೆ ಬಾಗಿಲಿಗೊಂದು ಹಾಕಿಬಿಡಿ. ದಾರೀಲಿ ತಿರುವು ಜಾಸ್ತಿ.